ತಮ್ಮನ ಬಾಣ ಆರಿಸಲು ಹೋದ ಏಪ್ರಿಲ್

ಪೆರಂಬೂರು

ನ್ಯೂಜಿಲೆಂಡಿಗೆ ಹೋಗಿಬಂದೆ ಎಂದ ಕೂಡಲೇ ಎಲ್ಲರೂ ಕುರಿಗಳ ಬಗ್ಗೆ ಕೇಳುತ್ತಾರೆ. ಕುರಿಗಳನ್ನು ನೋಡಿದೆ. ದೂರದ ಬೆಟ್ಟದ ಮೇಲೆ ಅರಳು ಚೆಲ್ಲಿದ ಹಾಗಿದ್ದವು. ಅವುಗಳ ಬಗ್ಗೆ ಅದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ. ನಾನು ಹೋದದ್ದು ತಮ್ಮನಿಗೆ ಬಾಣ ಆರಿಸಿಕೊಡಲು.

ಹಾಗೆಂದರೆ ಯಾರೂ ನಂಬುವುದಿಲ್ಲ. ನಮ್ಮದು ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಬೇರು ಬಿಟ್ಟ ಮಾಧ್ವರ ಮನೆ, ಏಕಾದಶಿಯ ದಿನ ಒಲೆ ಹಚ್ಚದ ಮನೆ. ಅಂಥ ಮನೆಯ ಹುಡುಗಿ ಬಿಲ್ಲು ಹಿಡಿದದ್ದೇ ಒಂದು ಆಕಸ್ಮಿಕ. ಕಾಲೇಜಿನಲ್ಲಿ ಓಟಕ್ಕೆ ಹೆಸರು ಕೊಡಲು ಹೋಗಿ ತಪ್ಪು ಸಾಲಿನಲ್ಲಿ ನಿಂತುಬಿಟ್ಟೆ. ಆ ಸಾಲು ನನ್ನನ್ನು ಕ್ರೀಡಾ ಕೋಟಾದಲ್ಲಿ ಪೆರಂಬೂರಿನ ರೈಲ್ವೆ ಕಚೇರಿಯ ಕುರ್ಚಿಯವರೆಗೂ ತಂದು ಕೂರಿಸಿತು. ಬಲಭುಜ ನೋಯತೊಡಗುವ ತನಕ ವರ್ಷಗಟ್ಟಲೆ ಗುರಿಹಲಗೆಗೆ ಬಾಣ ಬಿಟ್ಟೆ. ಆಮೇಲೆ ಬಿಲ್ಲು ಅಟ್ಟ ಸೇರಿತು.

ಸುನಾಮಿ ಬಂದುಹೋಗಿ ಎರಡು ತಿಂಗಳಾಗಿತ್ತೋ ಏನೋ, ಒಂದು ಭಾನುವಾರ ರಘುವಿನ ಫೋನು ಬಂತು. ರಘು ನನ್ನ ಒಬ್ಬನೇ ತಮ್ಮ. ಪೆರಂಬೂರಿನ ವರ್ಕ್‌ಶಾಪಿನಲ್ಲಿ ಕೆಲಸ ಕಲಿತು, ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಒಂದು ಪುಟ್ಟ ಊರಿನಲ್ಲಿ ಡೀಸೆಲ್ ಎಂಜಿನ್ ರಿಪೇರಿಗೆ ಸೇರಿದ್ದ. ಮದುವೆಯಾಗಿರಲಿಲ್ಲ.

"ಅಕ್ಕಾ, ಎಡಗೈಗೆ ಕೊಂಚ ಪೆಟ್ಟಾಗಿದೆ. ಅಮ್ಮನ ಹತ್ರ ಸೊಲ್ಲಬೇಡ."

"ಎಂಜಿನ್ ಕೆಲಸದಲ್ಲೇನೋ?"

"ಇಲ್ಲೆ. ಬಾಣದ ಕಡ್ಡಿ ಒಡೀತು. ಕಾರ್ಬನ್ ಶಾಫ್ಟು. ಬಿಟ್ಟ ಕೂಡ್ಲೇ ಚೂರಾಗಿ ಕೈಯೊಳಗೆ ಹೋಯ್ತು. ಡಾಕ್ಟರ್ ಎಲ್ಲಾ ತೆಗೆದಿದಾರೆ, ಈಗ ಪರವಾಯಿಲ್ಲೆ."

ಅವನ ಕೈಗೆ ಬಿಲ್ಲು ಬಂದದ್ದೇ ನನಗೆ ಹೊಸ ಸುದ್ದಿ. ಅದು ಬೇಟೆಯ ಬಿಲ್ಲು ಎಂದು ತಿಳಿದಾಗ ನಾನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದೆ.

"ನೀ ಪ್ರಾಣಿ ಹೊಡೀತೀಯಾ?"

"ಇನ್ನೂ ಒಂದೂ ಹೊಡೆದಿಲ್ಲ ಅಕ್ಕಾ. ನಂಗೆ ಒಂದೇ ಬೇಕು. ಏಪ್ರಿಲ್ ಅಂದ್ರೆ ಇಲ್ಲಿ ಗಂಡು ಜಿಂಕೆ ಕೂಗೋ ಕಾಲ. ಒಂದಿದೆ. ನಾ ಕೂಗಿದ್ರೆ ಮಾತ್ರ ಕೂಗುತ್ತೆ. ಮೂರು ವರ್ಷ ಆಯ್ತು. ಒಂದ್ಸಲ ಕೂಡ ಕಣ್ಣಿಗೆ ಬಿದ್ದಿಲ್ಲ. ನೀ ಬಂದು ಶಾಫ್ಟ್ ಆರಿಸಿಕೊಡು ಅಕ್ಕಾ. ನಿನ್ನಷ್ಟು ಚೆನ್ನಾಗಿ ಯಾರಿಗೆ ಗೊತ್ತು?"

ಅವನು ಬೇಡವೆಂದರೂ ಅಮ್ಮನಿಗೆ ಕೈ ಪೆಟ್ಟಿನ ವಿಷಯ ಮಾತ್ರ ಹೇಳಿದೆ. ಅಷ್ಟಕ್ಕೇ ಅಮ್ಮ, "ನೀ ಹೋಗಿ ಕಣ್ಣಾರೆ ನೋಡ್ಕೊಂಡು ಬಾ ಪದ್ಮಾ" ಎಂದು ಹಪ್ಪಳದ ಡಬ್ಬಿ ಕೆಳಗಿಳಿಸಿದಳು. ಬಾಣ ಆರಿಸಲು ಬರುತ್ತೇನೆಂದು ರಘುವಿಗೆ ಹೇಳಿದೆ. ಮನಸ್ಸಿನಲ್ಲಿದ್ದದ್ದು ತಡೆಯಬೇಕು ಎಂದು.

ತೊಳೆದ ಚಪ್ಪಲಿ

ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಅಮ್ಮನ ತುಪ್ಪದ ಡಬ್ಬಿಯನ್ನು ಕಿತ್ತುಕೊಂಡರು. ಹಪ್ಪಳವನ್ನು ಬೆಳಕಿಗೆ ಹಿಡಿದು ನೋಡಿ ಬಿಟ್ಟರು. ಆಮೇಲೆ ಒಬ್ಬ ಅಧಿಕಾರಿ ಹೆಂಗಸು ನನ್ನ ಕಾಲಿನ ಕಡೆ ಬೆರಳು ತೋರಿಸಿ, "ಚಪ್ಪಲಿಗೆ ಮಣ್ಣು ಅಂಟಿದೆ" ಎಂದಳು. ಹೊರಡುವ ದಿನ ನಮ್ಮ ಬೀದಿಯಲ್ಲಿ ನೀರಿನ ಲಾರಿ ಬಂದು ಕೆಸರೆಬ್ಬಿಸಿತ್ತು. ಅವಳು ಚಪ್ಪಲಿಯನ್ನು ಒಳಗೆ ಒಯ್ದು ಬ್ರಷ್ಷು ಹಾಕಿ ತೊಳೆದು, ಒದ್ದೆ ಚಪ್ಪಲಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ನಗುತ್ತಾ ಕೊಟ್ಟಳು. ಹೊರಗಿನ ಮಣ್ಣಿನಲ್ಲಿ ಬೀಜ, ರೋಗ ಬರಬಹುದೆಂದು ಕಾನೂನು. ನನಗೆ ಕೋಪ ಬರಲಿಲ್ಲ. ಆದರೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತಿದ್ದ ಆ ಹೊತ್ತಿನಲ್ಲಿ, ನನ್ನ ಹಿಂದೆ ಇದ್ದದ್ದನ್ನೆಲ್ಲ ಒರೆಸಿ ಒಳಗೆ ಬಿಡುತ್ತಿದ್ದಾರೆ ಎನ್ನಿಸಿತು.

ರಘು ಕರೆದೊಯ್ಯಲು ಬಂದಿದ್ದ. ತೆಳ್ಳಗಾಗಿದ್ದ. ಎಡ ಅಂಗೈಯ ಮೇಲೆ, ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಹೊಸ ಚರ್ಮದ ಗೆರೆ. ದಾರಿಯುದ್ದಕ್ಕೂ ಮಾತು ಕಡಿಮೆ. ಚೆನ್ನೈಯಲ್ಲಿದ್ದಾಗ ಬಾಯಿ ಮುಚ್ಚದ ಹುಡುಗ.

"ಏನೋ, ಮಾತೇ ಮರೆತೋಯ್ತಾ?"

"ಯಾರ ಹತ್ರ ಅಕ್ಕಾ ಮಾತಾಡೋದು?" ಎಂದು ನಕ್ಕ.

ರಘುವಿನ ಮನೆ

ಅಲ್ಲಿಯ ಜನ ಒಳ್ಳೆಯವರು. ಎದುರು ಸಿಕ್ಕರೆ ಕೈಯೆತ್ತುತ್ತಾರೆ, ಹವೆಯ ಬಗ್ಗೆ ಒಂದು ಮಾತಾಡುತ್ತಾರೆ, ಹೋಗಿಬಿಡುತ್ತಾರೆ. ಸಂಜೆ ಐದಾದರೆ ಬೀದಿಯಲ್ಲಿ ಒಂದು ನಾಯಿ ಕೂಡ ಇಲ್ಲ. ಬೇಕರಿಯ ಬಾಗಿಲು ತೆರೆದಿರುತ್ತದೆ, ಒಳಗೆ ಯಾರೂ ಇರುವುದಿಲ್ಲ, ಬ್ರೆಡ್ಡಿನ ವಾಸನೆ ಮಾತ್ರ ಇರುತ್ತದೆ. ಪೆರಂಬೂರಿನಲ್ಲಿ ವರ್ಕ್‌ಶಾಪಿನ ಸೈರನ್ನು, ಶಂಟಿಂಗ್ ಎಂಜಿನ್ನು, ಅಮ್ಮನ್ ಕೋಯಿಲ್ ಗುಡಿಯ ಮೈಕು, ಕೀರೆ ಸೊಪ್ಪಿನವಳ ಕೂಗು, ಇವೆಲ್ಲದರ ನಡುವೆ ನಾವು ಬೆಳೆದೆವು. ಶಬ್ದ ನಿಂತರೆ ಯಾರೋ ಸತ್ತಿದ್ದಾರೆ ಎಂದು ಕಿಟಕಿಗೆ ಬರುವ ಜನ ನಾವು. ಆ ಊರಿನಲ್ಲಿ ಮೊದಲ ಸಂಜೆ ನಾನು ಮೂರು ಸಲ ಕಿಟಕಿಗೆ ಹೋದೆ.

ರಘುವಿನದು ಊರಿನ ಕೊನೆಯ ಮನೆ. ಹಿಂದೆ ಒಂದು ಹುಲ್ಲುಗಾವಲು, ಅದರಾಚೆ ಕಾಡು, ಕಾಡಿನ ಮೇಲೆ ಬೆಟ್ಟ. ಕಾಫಿ ಕುಡಿದು ಮುಗಿಸುತ್ತಿದ್ದಂತೆ ಅವನು ಗೋಡೆಯ ಮೊಳೆಯಿಂದ ಒಂದು ಎತ್ತಿನ ಕೊಂಬು ತೆಗೆದುಕೊಂಡು ಹಿತ್ತಲಿನ ಮೆಟ್ಟಿಲಿಗೆ ಹೋದ. ಕೊಂಬಿನ ತುದಿ ಕತ್ತರಿಸಿ ತೂತು ಮಾಡಿತ್ತು.

"ಪೇಸಾಮ ಇರು ಅಕ್ಕಾ, ಸದ್ದು ಮಾಡ್ಬೇಡ" ಎಂದವನು ಕೊಂಬನ್ನು ಬಾಯಿಗಿಟ್ಟ.

ಅವನಿಂದ ಬಂದ ಸದ್ದನ್ನು ಹೇಗೆ ಹೇಳಲಿ? ಊದುವ ಸದ್ದಲ್ಲ. ಹೊಟ್ಟೆಯಿಂದ ಎದ್ದು ಗಂಟಲು ಹರಿದು ಬರುವ ನರಳಿಕೆ, ಕೊನೆಯಲ್ಲಿ ಎರಡು ಸಣ್ಣ ಗುಟುರು. ನಾನು ಎತ್ತಿ ಆಡಿಸಿದ ಮಗು, ಆ ಬಾಯಿಂದ ಅಂಥ ಸದ್ದು.

ಅವನು ಕೊಂಬು ಇಳಿಸಿ ಕಾದ. ಬೆಟ್ಟದ ಮೇಲೆ ಬೆಳಕು ಆರುತ್ತಿತ್ತು. ಆಮೇಲೆ, ದೂರದಲ್ಲಿ, ಕಾಡಿನ ಒಳಗಿನಿಂದ ಅದೇ ಸದ್ದು ತಿರುಗಿ ಬಂತು. ಇವನದಕ್ಕಿಂತ ದಪ್ಪ, ಇವನದಕ್ಕಿಂತ ನಿಧಾನ.

ರಘುವಿನ ಮುಖದ ಮೇಲೆ ನಾನು ಬಂದಾಗಿನಿಂದ ಕಾಣದಿದ್ದ ಕಳೆ ಬಂತು. "ಬಂದಿದೆ" ಎಂದ. "ಪ್ರತಿ ವರ್ಷ ಅದೇ ಜಾಗ. ಹಳ್ಳದ ಆಚೆ ಎಲ್ಲೋ. ಬೇರೆಯವರು ಕೂಗಿದ್ರೆ ಇಲ್ಲ. ನಮ್ಮ ಶಾಪಿನವರು ಬಂದು ಟ್ರೈ ಮಾಡಿದ್ರು, ಊಹೂಂ. ಈ ಊರಲ್ಲಿ ನನ್ ಹತ್ರ ಮೊದಲು ಮಾತಾಡಿದ್ದೇ ಅದು ಅಕ್ಕಾ."

"ಮಾತಾಡೋದನ್ನ ಯಾಕೋ ಕೊಲ್ತೀಯಾ?"

"ನೋಡ್ಬೇಕು."

"ನೋಡೋಕೆ ಬಾಣ ಯಾಕೆ?"

ಅವನು ಕೊಂಬನ್ನು ಅಂಗಿಯಲ್ಲಿ ಒರೆಸಿ ಮತ್ತೆ ಮೊಳೆಗೆ ನೇತುಹಾಕಿದ.

ಬಾಣದಂಗಡಿ

ಮರುದಿನ ನಾನು ತಡೆಯುವ ಮಾತಿಗೆ ಶುರು ಹಚ್ಚುವ ಮೊದಲೇ ಅವನು ಒಡೆದ ಬಾಣವನ್ನು ನನ್ನ ಮುಂದಿಟ್ಟ. ನೋಡಿದ ಕೂಡಲೇ ನನಗೆ ಸಿಟ್ಟು ಬಂತು.

ಬಾಣ ಬಿಟ್ಟಾಗ ನೇರ ಹೋಗುತ್ತದೆ ಎಂದು ನೋಡುವವರು ಅಂದುಕೊಳ್ಳುತ್ತಾರೆ. ಇಲ್ಲ. ಹೆದೆ ತಳ್ಳಿದ ಹೊಡೆತಕ್ಕೆ ಅದು ಬಾಗುತ್ತದೆ, ಮೀನಿನ ಹಾಗೆ ಮೈ ಬಳುಕಿಸಿಕೊಂಡು ಹೋಗಿ ಆಮೇಲೆ ನೆಟ್ಟಗಾಗುತ್ತದೆ. ಬಿಲ್ಲು ಎಷ್ಟು ಬಿಗಿಯೋ ಶಾಫ್ಟು ಅಷ್ಟು ಗಡಸಾಗಿರಬೇಕು. ಉದ್ದ ಹೆಚ್ಚಿದಷ್ಟೂ, ಮುಂದಿನ ಅಲಗು ಭಾರವಾದಷ್ಟೂ ಶಾಫ್ಟು ಮೆತ್ತಗಾಗುತ್ತದೆ. ಇವನದು ಗಾಲಿಗಳಿರುವ ಬಿಗಿ ಬಿಲ್ಲು. ಕೊಂಡದ್ದು ಮೆದು ಶಾಫ್ಟು, ಅದನ್ನು ಕತ್ತರಿಸದೆ ಪೂರ್ತಿ ಉದ್ದ ಬಿಟ್ಟು, ಮೇಲೆ ಭಾರದ ಅಲಗು ಬೇರೆ ಸಿಕ್ಕಿಸಿದ್ದ.

"ಇದನ್ನ ಹಿಂದೆ ಕಲ್ಲಿಗೆ ಏನಾದ್ರೂ ಹೊಡೆದಿದ್ಯಾ?"

"ಒಂದ್ಸಲ."

"ಆಮೇಲೆ ಬಗ್ಗಿಸಿ ನೋಡಲಿಲ್ವಾ? ಕಾರ್ಬನ್ನು ಒಳಗೆ ಬಿರುಕು ಬಿಟ್ರೆ ಕಣ್ಣಿಗೆ ಕಾಣಲ್ಲ ಕಣೋ. ಕಣ್ಣು ಉಳಿದದ್ದು ರಾಯರ ಪುಣ್ಯ."

ಬಾಣದಂಗಡಿ ಮೀನಿನ ಗಾಳ ಮಾರುವ ಅಂಗಡಿಯ ಹಿಂಭಾಗದಲ್ಲಿತ್ತು. ಗೋಡೆಯ ತುಂಬ ಸತ್ತ ಜಿಂಕೆಗಳ ತಲೆ. ಗಾಜಿನ ಕಣ್ಣುಗಳು. ಎಲ್ಲಿ ನಿಂತರೂ ಎರಡು ಮೂರು ಕಣ್ಣು ನಮ್ಮನ್ನೇ ನೋಡುತ್ತಿದ್ದವು. ಅಂಗಡಿಯವನ ಹೆಸರು ಡೆನಿಸ್. ಸೀರೆಯ ಮೇಲೆ ತಮ್ಮನ ಉಣ್ಣೆ ಕೋಟು ಹಾಕಿಕೊಂಡ ನನ್ನನ್ನು ಅವನು ವಿಶೇಷವಾಗಿ ನೋಡಲಿಲ್ಲ. ಅದು ಆ ಊರಿನ ಒಳ್ಳೆಯ ಗುಣ.

"ಗುರಿಯ ಬಾಣಕ್ಕೆ ಹಗುರ ಬೇಕು, ಅದು ನಿಮಗೆ ಗೊತ್ತು" ಎಂದ ಡೆನಿಸ್. "ಬೇಟೆಗೆ ಬೇರೆ ಲೆಕ್ಕ. ತಲುಪಿದರೆ ಸಾಲದು. ಪಕ್ಕೆಲುಬು ದಾಟಿ ಆಚೆ ಹೋಗಬೇಕು. ಅರ್ಧ ಒಳಗೆ ನಿಂತರೆ ಪ್ರಾಣಿ ದಿನಗಟ್ಟಲೆ ನರಳುತ್ತೆ."

ಆ ಕೊನೆಯ ಮಾತು ನನ್ನನ್ನು ಕಟ್ಟಿಹಾಕಿತು. ಹೊಡೆಯಲೇಬೇಡ ಎಂದು ಹೇಳಲು ಬಂದವಳು, ಹೊಡೆದರೆ ನರಳಬಾರದಲ್ಲ ಎಂದು ಯೋಚಿಸತೊಡಗಿದೆ. ಗೋಡೆ ದಪ್ಪಗಿರುವ, ಸಪೂರ, ತೂಕದ ಶಾಫ್ಟು ಕೇಳಿದೆ. ಶಾಫ್ಟಿನ ಮೇಲೆ ಅಚ್ಚಾಗಿರುವ ಸಂಖ್ಯೆ ಕಡಿಮೆಯಾದಷ್ಟೂ ಗಡಸು ಹೆಚ್ಚು. ರಘು ಹಿಂದೆ ಕೊಂಡದ್ದಕ್ಕಿಂತ ಎರಡು ಮೆಟ್ಟಿಲು ಗಡಸನ್ನು ತೆಗೆಸಿದೆ. ಒಂದೊಂದನ್ನೂ ಉಗುರುಗಳ ಮೇಲೆ ಉರುಳಿಸಿ ಓಲಾಟವಿದೆಯೇ ನೋಡಿದೆ. ಆಮೇಲೆ ಎರಡು ತುದಿ ಹಿಡಿದು, ಮುಖದಿಂದ ದೂರ ಹಿಡಿದು, ಮೆಲ್ಲಗೆ ಬಗ್ಗಿಸಿ, ಸ್ವಲ್ಪ ತಿರುಗಿಸಿ, ಮತ್ತೆ ಬಗ್ಗಿಸಿ ಕೇಳಿದೆ. ಹೊಸ ಶಾಫ್ಟು ಸಾಮಾನ್ಯವಾಗಿ ಮೌನವಾಗಿರುತ್ತದೆ. ಒಂದು ಮಾತ್ರ ಒಣ ಹಪ್ಪಳ ಮುರಿದ ಹಾಗೆ ಬಹಳ ಸಣ್ಣಗೆ ಚಿಟಕ್ ಎಂದಿತು. ಡೆನಿಸ್ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಏನೂ ಹೇಳದೆ ಕಸದ ಬುಟ್ಟಿಗೆ ಹಾಕಿದ.

ಆ ಹೊತ್ತು ನನಗೆ ಎಷ್ಟು ಸುಖವಾಯಿತು ಎಂದು ಹೇಳಿಕೊಳ್ಳಲು ಸಂಕೋಚವಾಗುತ್ತದೆ. ವರ್ಷಗಳ ನಂತರ ಬೆರಳುಗಳಿಗೆ ಅವುಗಳ ಕೆಲಸ ಸಿಕ್ಕಿತ್ತು. ಉದ್ದ ಅಳೆದು ಕತ್ತರಿಸಿ, ಗರಿ ಅಂಟಿಸಿ, ಎರಡು ದಿನ ಹಿತ್ತಲಿನಲ್ಲಿ ರಘುವಿನಿಂದ ಬಿಡಿಸಿ ನೋಡಿದೆ. ಬಾಣಗಳು ಹುಲ್ಲಿನ ಮೂಟೆಗೆ ಒಂದರ ಪಕ್ಕ ಒಂದು, ಗರಿಗೆ ಗರಿ ತಾಗುವ ಹಾಗೆ ನಾಟಿದವು. ಪ್ರತಿ ಸಂಜೆ ಅವನು ಕೂಗಿದ. ಪ್ರತಿ ಸಂಜೆ ಬೆಟ್ಟ ಉತ್ತರಿಸಿತು.

ಹಳ್ಳದ ಈಚೆ

ಶನಿವಾರ ಬೆಳಕು ಹರಿಯುವ ಮುಂಚೆ ಕಾಡಿಗೆ ಹೊರಟೆವು. ನಾನು ಜೊತೆಗೆ ಬರುತ್ತೇನೆಂದು ಹಟ ಹಿಡಿದಿದ್ದೆ. ಅವನು ಅದು ಬಾಣದ ಮೇಲಿನ ಕುತೂಹಲ ಎಂದುಕೊಂಡ. ನನಗೆ ಅವನನ್ನು ಆ ಸದ್ದಿನ ಜೊತೆ ಒಂಟಿಯಾಗಿ ಬಿಡಲು ಮನಸ್ಸಿರಲಿಲ್ಲ.

ಅಲ್ಲಿನ ಕಾಡಿನಲ್ಲಿ ಹಾವಿಲ್ಲ. ಹುಲಿ, ಚಿರತೆ, ಕರಡಿ ಯಾವುದೂ ಇಲ್ಲ. ರಘು ಇದನ್ನು ಧೈರ್ಯ ಹೇಳಲೆಂದು ಹೇಳಿದ. ನನಗೆ ಭಯ ಹೆಚ್ಚಾಯಿತು. ಹಾವಿರುವ ಕಾಡಿನಲ್ಲಿ ಹೆದರಿಕೆ ಎಲ್ಲಿದೆ ಎಂದು ಕಾಲಿಗೆ ಗೊತ್ತಿರುತ್ತದೆ. ಇಲ್ಲಿ ಪಾಚಿ ಕಾಲಿನ ಸದ್ದನ್ನೆಲ್ಲ ನುಂಗುತ್ತಿತ್ತು. ಮರಗಳಿಗೆ ಪಾಚಿಯ ಗಡ್ಡ. ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ ಮುಚ್ಚುವ ಗುಬ್ಬಿಗಾತ್ರದ ಹಕ್ಕಿಯೊಂದು ನಮ್ಮ ಮುಖದ ಹತ್ತಿರವೇ ಹಾರುತ್ತಾ ಹಿಂಬಾಲಿಸಿತು. ಮನುಷ್ಯರೆಂದರೆ ಅದಕ್ಕೆ ಹೆದರಿಕೆಯಿಲ್ಲ. ನಾವು ಎಬ್ಬಿಸುವ ಹುಳುಗಳಿಗಾಗಿ ಬರುತ್ತದೆ ಎಂದು ರಘು ಹೇಳಿದ. ಮನೆಯೊಳಗೆ ಬಂದರೆ ಸಾವಿನ ಸೂಚನೆ ಎಂದು ಅಲ್ಲಿಯ ಹಳಬರು ನಂಬುತ್ತಾರಂತೆ. ಅದನ್ನೂ ಅವನೇ ಹೇಳಿದ, ಕೇಳದಿದ್ದರೂ.

ಹಳ್ಳ ತಲುಪಿದಾಗ ಮಂಜು ಇಳಿದಿತ್ತು. ಹಳ್ಳವೆಂದರೆ ಆಳದ ಕೊರಕಲು, ತಳದಲ್ಲಿ ನೀರಿನ ಸದ್ದು. ಈ ಮೂರು ವರ್ಷವೂ ರಘು ಈಚೆ ದಡದಲ್ಲೇ ಕುಳಿತು ಕೂಗಿದ್ದ. ಅದು ದಾಟಿ ಬರಲಿ ಎಂದು ಕಾದಿದ್ದ. ಅದು ಬಂದಿರಲಿಲ್ಲ.

ಅವನು ಕೂಗಿದ. ಇಲ್ಲಿಂದ ಉತ್ತರ ಎಷ್ಟು ಹತ್ತಿರ ಕೇಳಿತೆಂದರೆ ನಾನು ಮರಕ್ಕೆ ಒರಗಿಬಿಟ್ಟೆ. ಮತ್ತೆ ಇವನು. ಮತ್ತೆ ಅದು. ಇವನು ಪೂರ್ತಿ ಮುಗಿಸುವವರೆಗೆ ಅದು ಬಾಯಿ ತೆರೆಯುತ್ತಿರಲಿಲ್ಲ. ಮುಗಿದ ಮೇಲೆ, ಕೇಳಿದ್ದನ್ನು ಮನಸ್ಸಿಗೆ ತಂದುಕೊಳ್ಳುವಷ್ಟು ಹೊತ್ತು ತಡೆದು, ಆಮೇಲೆ ಕೂಗುತ್ತಿತ್ತು. ದೊಡ್ಡವರ ಮಾತು ಕೇಳುವ ಮರ್ಯಾದೆ ಇರುವ ಮನುಷ್ಯನ ಹಾಗೆ. ಪ್ರಾಣಿಯೊಂದಕ್ಕೆ ಇಷ್ಟು ತಾಳ್ಮೆ ಎಲ್ಲಿಂದ ಬಂತು ಎಂದು ನನಗೆ ಮೈ ಜುಮ್ಮೆಂದಿತು.

"ರಘು, ಸಾಕು. ಮನೆಗೆ ಹೋಗೋಣ ಬಾ."

"ಇಲ್ಲಕ್ಕಾ. ಈ ಸಲ ನಾ ದಾಟ್ತೀನಿ."

ಹಳ್ಳದ ಆಚೆ

ಬಿದ್ದ ಮರವೊಂದರ ಮೇಲಿಂದ ದಾಟಿದೆವು. ನಾನು ಕೂತುಕೊಂಡೇ ಸರಿದು ದಾಟಿದೆ. ಸೀರೆಯ ಬದಲು ರಘುವಿನ ಪ್ಯಾಂಟು ಹಾಕಿದ್ದೆ, ಅದು ಮೊಣಕಾಲಿನಲ್ಲಿ ಹರಿಯಿತು. ಆಚೆ ದಡ ಹತ್ತಿದಾಗ ಮಂಜು ಇನ್ನೂ ದಟ್ಟವಾಗಿತ್ತು. ಚಳಿಗಾಲದ ಬೆಳಗ್ಗೆ ಮಣಲಿಯ ಕಾರ್ಖಾನೆಗಳ ಹೊಗೆ ನಮ್ಮ ಕಡೆ ಕವಿದು ಎದುರು ಮನೆ ಮಾಯವಾಗುವುದುಂಟು. ಆ ಹೊಗೆಗೆ ವಾಸನೆ ಇರುತ್ತದೆ, ಅದರ ಹಿಂದೆ ಎದುರು ಮನೆಯ ರೇಡಿಯೋ ಇರುತ್ತದೆ. ಈ ಮಂಜಿನ ಹಿಂದೆ ಏನೂ ಇರಲಿಲ್ಲ.

ರಘು ಹೆದೆಗೆ ಬಾಣ ಹೂಡಿ, ಕೊಂಬನ್ನು ನನ್ನ ಕೈಗೆ ಕೊಟ್ಟು ಸನ್ನೆ ಮಾಡಿದ. ನನಗೆ ಊದಲು ಬರುವುದಿಲ್ಲ ಎಂದು ತಲೆಯಾಡಿಸಿದೆ. ಅವನೇ ಒಂದು ಸಲ ಮೆಲ್ಲಗೆ ಕೂಗಿ, ಕೊಂಬನ್ನು ಪಾಚಿಯ ಮೇಲಿಟ್ಟು, ಬಿಲ್ಲೆತ್ತಿದ.

ಉತ್ತರ ಬಂತು. ಇಪ್ಪತ್ತು ಮೂವತ್ತು ಹೆಜ್ಜೆಯಾಚೆ, ಜರಿಗಿಡಗಳ ಹಿಂದೆ. ಕೊನೆಯ ಗುಟುರು ಮುಗಿದ ಮೇಲೆ ಇನ್ನೊಂದು ಸದ್ದು ಬಂತು. ಸಣ್ಣದು. ಕೆಮ್ಮು. ಕೆಮ್ಮಿ, ಕಫ ಸಡಿಲಿಸಿಕೊಂಡು ಗಂಟಲು ಸರಿಮಾಡಿಕೊಂಡ ಸದ್ದು. ನಮ್ಮಪ್ಪ ಬೆಳಗಿನ ಜಾವ ಬಾವಿಕಟ್ಟೆಯಲ್ಲಿ ಮಾಡುತ್ತಿದ್ದ ಸದ್ದು.

ಮಂಜು ಒಮ್ಮೆ ತೆಳುವಾಯಿತು. ಕಂದು ಮೈ. ಅದರ ಮೇಲೆ ಕವಲೊಡೆದ ಕೊಂಬು. ರಘು ಹೆದೆಯನ್ನು ಕೆನ್ನೆಗೆ ಎಳೆದ. ನಾನೂ ಕೊಂಬನ್ನೇ ಕಂಡೆ. ಒಂದು ಗಳಿಗೆ, ದೇವರಾಣೆಗೂ, ನನಗೂ ಅದು ಜಿಂಕೆಯೇ. ಆಮೇಲೆ ಆ ಕಂದು ಮೈ ಒಂದು ಕೈಯೆತ್ತಿ ಮೂಗು ಒರೆಸಿಕೊಂಡಿತು.

"ವೇಣ್ಡಾಂ! ರಘು, ವೇಣ್ಡಾಂಡಾ!"

ಆ ಹೊತ್ತಿನಲ್ಲಿ ನನ್ನ ಬಾಯಿಂದ ಕನ್ನಡದ 'ಬೇಡ' ಬರಲಿಲ್ಲ. ಬೀದಿಯಲ್ಲಿ ಆಡುವಾಗ ಲಾರಿ ಬಂದರೆ ಅವನನ್ನು ಕೂಗುತ್ತಿದ್ದ ತಮಿಳೇ ಬಂತು. ಅವನ ಭುಜ ಬೆಚ್ಚಿತು. ಬಾಣ ಹೊರಟುಹೋಯಿತು.

ಠಪ್ ಎಂದು ಒಂದು ಸದ್ದು. ಆಮೇಲೆ ಏನೂ ಇಲ್ಲ. ಬೀಸಣಿಗೆ ಬಾಲದ ಹಕ್ಕಿ ಬಂದು ನಮ್ಮ ಮುಂದಿನ ಕೊಂಬೆಯ ಮೇಲೆ ಕೂತಿತು.

ಜರಿಗಿಡ ಸರಿಸಿಕೊಂಡು ಒಬ್ಬ ಮುದುಕ ಬಂದ. ಕಂದು ಉಣ್ಣೆಯ ಉದ್ದ ಅಂಗಿ, ಕೈಯಲ್ಲಿ ಒಂದು ಎತ್ತಿನ ಕೊಂಬು. ಅವನ ಹಿಂದಿದ್ದ ಮರದ ಒಣಕೊಂಬೆಯನ್ನೇ ನಾವು ಜಿಂಕೆಯ ಕೊಂಬೆಂದು ಕಂಡದ್ದು. ಬಾಣ ಅವನ ತೋಳಿನ ಪಕ್ಕದ ಮರದಲ್ಲಿ ನಾಟಿತ್ತು. ಅವನಿಗೆ ಕೋಪ ಬಂದ ಹಾಗೆ ಕಾಣಲಿಲ್ಲ. ರಘುವನ್ನು ನೋಡಿದ. ತಲೆಯಿಂದ ಕಾಲಿನವರೆಗೆ, ಯಾವುದನ್ನೋ ಹುಡುಕುವ ಹಾಗೆ. ಆಮೇಲೆ ಅವನ ಮುಖ ಆರಿಹೋಯಿತು. ಬಂದವನು ತಾನು ಕಾಯುತ್ತಿದ್ದವನಲ್ಲ ಎಂದು ಸ್ಟೇಷನ್ನಿನಲ್ಲಿ ತಿಳಿದಾಗ ಜನರ ಮುಖ ಹಾಗಾಗುತ್ತದೆ.

"ಕೂಗುತ್ತಿದ್ದದ್ದು ನೀನೇನು?" ಎಂದು ಇಂಗ್ಲಿಷಿನಲ್ಲಿ ಕೇಳಿದ.

ರಘು ಬಿಲ್ಲು ಕೆಳಗೆ ಹಾಕಿ ಪಾಚಿಯ ಮೇಲೆ ಕೂತುಬಿಟ್ಟಿದ್ದ. ತಲೆಯಾಡಿಸಿದ.

"ಪ್ರತಿ ವರ್ಷವೂ?"

"ಹೌದು."

"ಸರಿ" ಎಂದ ಮುದುಕ. "ಚಳಿ ಇದೆ. ಬನ್ನಿ, ಚಹಾ ಕುಡಿಯೋಣ."

ಹೊರಡುವ ಮುಂಚೆ ನಾನು ಬಾಣ ಕೀಳಲು ಹೋದೆ. ಅಲಗು ಮರದೊಳಗೆ ಪೂರ್ತಿ ಮುಳುಗಿತ್ತು. ಶಾಫ್ಟನ್ನು ತಿರುಗಿಸಿ ಬಿಚ್ಚಿಕೊಂಡೆ. ಅಭ್ಯಾಸಬಲದಿಂದ ನನ್ನ ಕೈಗಳು ಅದರ ಎರಡು ತುದಿ ಹಿಡಿದು ಬಗ್ಗಿಸಿದವು. ಕಿವಿ ಕೇಳಿತು. ಒಂದು ಸಣ್ಣ ಸದ್ದೂ ಇಲ್ಲ. ಅಷ್ಟು ಗಟ್ಟಿ ಮರಕ್ಕೆ ಹೊಡೆದರೂ ಒಂದು ಕೂದಲಿನ ಬಿರುಕಿಲ್ಲ. ನಾನು ಅಷ್ಟು ಚೆನ್ನಾಗಿ ಆರಿಸಿದ್ದೆ.

ಆರ್ಥರನ ಅಡುಗೆಮನೆ

ಮುದುಕನ ಹೆಸರು ಆರ್ಥರ್. ಅವನ ಮನೆ ಕಾಡಿನ ಇನ್ನೊಂದು ಬದಿಯ ಕಣಿವೆಯಲ್ಲಿತ್ತು. ರಸ್ತೆಯಲ್ಲಿ ಬಂದರೆ ರಘುವಿನ ಮನೆಯಿಂದ ಬಲು ದೂರ, ಕಾಡಿನ ಮೂಲಕ ಹತ್ತಿರ. ಹಾಗಾಗಿ ಒಬ್ಬರಿಗೊಬ್ಬರು ಗೊತ್ತಿರಲಿಲ್ಲ. ಅಂಗಳದಲ್ಲಿ ಅವನ ಹೆಂಡತಿ ಜೋನ್ ಬಟ್ಟೆ ಒಣಹಾಕುತ್ತಿದ್ದಳು. ನಮ್ಮನ್ನು ನೋಡಿದಳು, ರಘುವಿನ ಕೈಲಿದ್ದ ಕೊಂಬನ್ನು ನೋಡಿದಳು, ಒದ್ದೆ ಅಂಗಿಯನ್ನು ಬುಟ್ಟಿಗೆ ಹಾಕಿದಳು.

"ಹಾಗಾದರೆ ಅದು ನೀನು" ಎಂದಳು ರಘುವಿಗೆ. ಅವಳೂ ಅಂಗಳದಿಂದ ಕೇಳಿಸಿಕೊಂಡಿದ್ದಳು.

ಅಡುಗೆಮನೆಯ ಮೇಜಿನ ಸುತ್ತ ಕೂತೆವು. ಬಿಸಿ ಚಹಾ, ದಪ್ಪ ಬಿಸ್ಕತ್ತು. ಆರ್ಥರ್ ಯಾವ ಪೀಠಿಕೆಯೂ ಇಲ್ಲದೆ ಹೇಳಿದ. ಅವರ ಮಗ ಇಯಾನ್ ಬೇಟೆಗಾರ. ಏಳು ವರ್ಷದ ಹಿಂದಿನ ಏಪ್ರಿಲ್ಲಿನಲ್ಲಿ ನಾವು ಆರ್ಥರನನ್ನು ಕಂಡ ಜಾಗದಲ್ಲೇ ಕೂತು ಇದೇ ಕೊಂಬಿನಿಂದ ಜಿಂಕೆಯ ಹಾಗೆ ಕೂಗುತ್ತಿದ್ದ. ಬೇರೊಬ್ಬ ಬೇಟೆಗಾರ ಆ ಕೂಗು ಹಿಡಿದು ಬಂದ. ಕಂದು ಬಣ್ಣ ಅಲುಗಿದ್ದು ಕಂಡು ಗುಂಡು ಹಾರಿಸಿದ. ಆ ಸದ್ದು ಈ ಅಡುಗೆಮನೆಗೆ ಕೇಳಿಸಿತ್ತು.

"ಇಯಾನ್ ಜಿಂಕೆ ಹೊಡೆದ ಅಂತ ನಾನು ಕೆಟಲ್ ಇಟ್ಟೆ" ಎಂದಳು ಜೋನ್.

ಪ್ರತಿ ಏಪ್ರಿಲ್ಲಿನಲ್ಲಿ ಆರ್ಥರ್ ಆ ಜಾಗಕ್ಕೆ ಹೋಗಿ ಮಗನ ಕೊಂಬು ಊದುತ್ತಿದ್ದ. ಯಾಕೆಂದು ಅವನಿಗೂ ಗೊತ್ತಿಲ್ಲ. ಕೆಲವು ವರ್ಷ ಬೆಟ್ಟ ಸುಮ್ಮನಿತ್ತು. ಆಮೇಲೆ ಒಂದು ಸಂಜೆ ಹಳ್ಳದಾಚೆಯಿಂದ ಉತ್ತರ ಬಂತು.

"ನೀವು ಜಿಂಕೆ ಅಂದುಕೊಂಡ್ರಾ?" ಎಂದು ರಘು ಕೇಳಿದ.

"ಇಲ್ಲಪ್ಪಾ. ಐವತ್ತು ವರ್ಷ ಜಿಂಕೆಗಳ ಕೂಗು ಕೇಳಿದ್ದೀನಿ. ಮನುಷ್ಯ ಅಂತ ಮೊದಲ ದಿನವೇ ಗೊತ್ತಾಯ್ತು." ಆರ್ಥರ್ ಲೋಟ ತಿರುಗಿಸಿದ. "ಯಾವ ಮನುಷ್ಯ ಅಂತ ಮಾತ್ರ ನನ್ನನ್ನ ನಾನು ಕೇಳ್ಕೊಳ್ಳಲಿಲ್ಲ."

ನನಗೆ ಚೆನ್ನೈಯ ರಾಯಪುರಂ ಕಡಲಂಚು ನೆನಪಾಯಿತು. ಸುನಾಮಿಯಾದ ಮೇಲೆ ಕಚೇರಿಯವರೆಲ್ಲ ಸೇರಿ ಬಟ್ಟೆ, ಅಕ್ಕಿ ಕೊಡಲು ಹೋಗಿದ್ದೆವು. ಅಲ್ಲೊಬ್ಬ ಹೆಂಗಸು ಸಂಜೆ ನೀರಿನ ಕಡೆ ಮುಖ ಮಾಡಿ, ಊಟಕ್ಕೆ ಕರೆಯುವ ಮಾಮೂಲು ದನಿಯಲ್ಲಿ ಒಂದು ಹೆಸರು ಕೂಗುತ್ತಿದ್ದಳು. ಅಳುತ್ತಿರಲಿಲ್ಲ. ಪಕ್ಕದಲ್ಲಿ ಬಲೆ ಹೊಲಿಯುವವರು ತಲೆ ಎತ್ತುತ್ತಿರಲಿಲ್ಲ. ಅವಳಿಗೆ ಯಾರಾದರೂ ಉತ್ತರ ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ನಾನು ಆಗ ಯೋಚಿಸಿರಲಿಲ್ಲ.

ರಘು ಅಳತೊಡಗಿದ. ಮಗುವಿನ ಹಾಗೆ, ಮೇಜಿಗೆ ಹಣೆಯಿಟ್ಟು. "ನಾನು ನಿಮ್ಮನ್ನ ಕೊಂದುಬಿಡ್ತಿದ್ದೆ" ಎಂದು ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದ. ಆರ್ಥರ್ ಕಿಟಕಿಯ ಹೊರಗೆ ನೋಡುತ್ತಿದ್ದ. ಎದ್ದು ಬಂದವಳು ಜೋನ್. ಅವನ ಹಿಂದೆ ನಿಂತು, ಅವನ ಎಡಗೈಯನ್ನು ಎತ್ತಿ ಗಾಯದ ಗೆರೆಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಇದನ್ನ ಯಾರು ಹೊಲಿದದ್ದು? ಚೆನ್ನಾಗಿ ಹೊಲಿದಿಲ್ಲ" ಎಂದಳು.

ಹೊರಡುವಾಗ ಆರ್ಥರ್ ಬಾಗಿಲವರೆಗೆ ಬಂದ. ಪೊಲೀಸರ ಮಾತು ಎತ್ತಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. "ಈಗ ಅದು ನೀನು ಅಂತ ಗೊತ್ತಾಗಿಹೋಯ್ತಲ್ಲ" ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡ. ಗುಂಡಿನಿಂದ ಮಗನನ್ನು ಕಳೆದುಕೊಂಡವನಿಂದ ನಾವು ಈಗ ಇನ್ನೇನನ್ನೋ ತೆಗೆದುಕೊಂಡು ಹೋಗುತ್ತಿದ್ದೇವೆ ಎನ್ನಿಸಿತು.

ನಾನಿದ್ದ ಉಳಿದ ದಿನಗಳಲ್ಲಿ ರಘು ಕೂಗಲಿಲ್ಲ. ಸಂಜೆಯಾದರೆ ಇಬ್ಬರೂ ಹಿತ್ತಲಿನ ಮೆಟ್ಟಿಲ ಮೇಲೆ ಕೂರುತ್ತಿದ್ದೆವು. ಬೆಟ್ಟವೂ ಕೂಗಲಿಲ್ಲ. ಆ ಮೌನ ಮೊದಲಿನ ಸದ್ದಿಗಿಂತ ಕೆಟ್ಟದಾಗಿತ್ತು. ಅದರಾಚೆ ಒಬ್ಬ ಮುದುಕ ಕೊಂಬು ಹಿಡಿದು ಸುಮ್ಮನೆ ನಿಂತಿದ್ದಾನೆ ಎಂದು ನಮಗಿಬ್ಬರಿಗೂ ಗೊತ್ತಿತ್ತು. ಬಿಲ್ಲನ್ನು ರಘು ಡೆನಿಸನಿಗೆ ಕೊಟ್ಟುಬಿಟ್ಟ. ಬಾಣಗಳನ್ನು ನಾನೇ ಒಂದೊಂದಾಗಿ ಗರಗಸದಲ್ಲಿ ತುಂಡು ಮಾಡಿದೆ. ಕಾರ್ಬನ್ನಿನ ಕಪ್ಪು ಪುಡಿ ಬೆರಳಿನ ಗೆರೆಗಳಲ್ಲಿ ಕೂತು ಬಹಳ ದಿನ ಹೋಗಲಿಲ್ಲ.

ಮತ್ತೆ ಪೆರಂಬೂರು

ಅಮ್ಮನಿಗೆ ಕೈ ವಾಸಿಯಾಗಿದೆ ಎಂದೆ. ಉಳಿದದ್ದನ್ನು ಹೇಳಲಿಲ್ಲ. ನಮ್ಮ ಬೀದಿಯ ಗದ್ದಲಕ್ಕೆ ಮತ್ತೆ ಕಿವಿ ಹೊಂದಿಕೊಳ್ಳಲು ಸ್ವಲ್ಪ ದಿನ ಬೇಕಾಯಿತು. ಯಾರಾದರೂ ಕೆಮ್ಮಿದರೆ ತಿರುಗಿ ನೋಡುತ್ತಿದ್ದೆ.

ವರ್ಷ ಕಳೆದು ಏಪ್ರಿಲ್ ಬಂತು. ಚೆನ್ನೈಯಲ್ಲಿ ಮೇ ತಿಂಗಳ ಕತ್ತಿರಿ ಬಿಸಿಲಿಗೆ ಮುನ್ನಿನ ಸೆಕೆ. ಒಂದು ಮಧ್ಯಾಹ್ನ ಕಚೇರಿಯಿಂದ ಬೇಗ ಬಂದು ಫ್ಯಾನಿನ ಕೆಳಗೆ ಕೂತಿದ್ದಾಗ ಫೋನು ಬಂತು.

"ಅಕ್ಕಾ, ಕೊಂಬು ಊದಿದೆ."

ನಾನು ಎದ್ದು ಫ್ಯಾನು ಆರಿಸಿದೆ.

"ನಮ್ಮನೆ ಮೆಟ್ಟಿಲಿಂದಾನೇ. ಕಾಡೊಳಗೆ ಹೋಗಲಿಲ್ಲ. ಬರೀ ಊದಿದೆ. ಮೊದಲನೇ ದಿನ ಉತ್ತರ ಬರ್ಲಿಲ್ಲ. ಮಾರನೇ ದಿನವೂ ಇಲ್ಲ. ತಪ್ಪು ಮಾಡಿಬಿಟ್ನಾ ಅನ್ನಿಸಿಬಿಡ್ತು. ಅವರಿಗೆ ಗೊತ್ತಲ್ವಾ ನಾನೇ ಅಂತ. ನಾನು ಊದಿದ್ರೆ ಅವರಿಗೆ ಇನ್ನೂ ನೋವಲ್ವಾ?"

"ಆಮೇಲೆ?"

"ಇವತ್ತು ಬಂತು ಅಕ್ಕಾ. ಅವರದೇ. ನಿಧಾನ ಇರುತ್ತಲ್ಲ, ಅದೇ. ಅದು ಮುಗಿದ ಮೇಲೆ ಇನ್ನೊಂದು ಬಂತು. ಕೀರಲು ದನಿ. ಜಿಂಕೆ ಥರಾನೇ ಇಲ್ಲ, ಹಸು ಕೂಗಿದ ಹಾಗೆ. ಈಗ ಫೋನ್ ಮಾಡಿ ಕೇಳಿದೆ. ಜೋನ್ ಅಮ್ಮ ಅಂತೆ. ಇಷ್ಟು ವರ್ಷದಲ್ಲಿ ಆ ಜಾಗಕ್ಕೆ ಒಂದ್ಸಲ ಕೂಡ ಹೋಗಿರ್ಲಿಲ್ವಂತೆ ಅವರು."

ಅವನ ಹಿಂದೆ ಆ ಊರಿನ ಮೌನ ಕೇಳಿಸುತ್ತಿತ್ತು. ನನ್ನ ಹಿಂದೆ ನೀರಿನ ಲಾರಿ ಬಂದು ಬಿಂದಿಗೆಗಳ ಸದ್ದು ಶುರುವಾಗಿತ್ತು.

"ನೀ ಏನು ಮಾಡಿದೆ?" ಎಂದು ಕೇಳಿದೆ.

"ನಾನೂ ಕೂಗಿದೆ. ಪೂರ್ತಿ ಕತ್ತಲಾಗೋವರೆಗೂ ಮೂರು ಜನ ಕೂಗ್ತಾನೇ ಇದ್ವಿ. ಆಮೇಲೆ ಚಳಿ ಅಂತ ಒಳಗೆ ಬಂದು ರಸಂ ಬಿಸಿ ಮಾಡ್ಕೊಂಡೆ."